ಮೊಡವೆಯ ಮದ್ದೂ ತಾಳ್ಮೆಯೂ

ತೆಂಗಿನ ಸೀಮೆಯಾದ ನಮ್ಮ ಹಾಲ್ಕುರಿಕೆಯಲ್ಲಿ ಕೊಬ್ಬರಿ ಎಣ್ಣೆಯೇ ಸರ್ವೌಷಧ. ಆದಕಾರಣ ಮಗಳ ಮುಖದಲ್ಲಿ ಮೊಡವೆಗಳೆದ್ದಾಗ ನಾವು ಮೊದಲು ಹಚ್ಚಿದ್ದೂ ಅದನ್ನೇ. ಮೊಡವೆಗಳು ಹೆಚ್ಚಿದುವೇ ಹೊರತು ತಗ್ಗಲಿಲ್ಲ. ತಿಪಟೂರಿನಲ್ಲಿ ತೋರಿಸಿದಾಗ ಚರ್ಮವೈದ್ಯರು, “ಈ ಎಣ್ಣೆ ರೋಮರಂಧ್ರಗಳನ್ನು ಮುಚ್ಚುವುದುಂಟು. ತಲೆಗೆ ಇರಲಿ, ಮುಖಕ್ಕೆ ಬೇಡ” ಎಂದು ಹೇಳಿ, ಟ್ರೆಟಿನಾಯಿನ್ ಎಂಬ ಲೇಪವನ್ನು ಬರೆದುಕೊಟ್ಟರು.

ಇದು ‘ಎ’ ಜೀವಸತ್ವದ ಆಮ್ಲರೂಪ. ಮೊಡವೆಗೆ ಇದರಿಂದಾಗುವ ಗುಣವನ್ನು ಅಮೆರಿಕದ ವೈದ್ಯ ಕ್ಲಿಗ್‌ಮನ್ನರು ಸಂಗಡಿಗರೊಡನೆ 1969ರಲ್ಲಿ ಪ್ರಕಟಿಸಿದರು. ಸತ್ತ ಚರ್ಮದ ಕಣಗಳು ರಂಧ್ರಗಳಲ್ಲಿ ಕಟ್ಟಿಕೊಳ್ಳದಂತೆ ಇದು ತಡೆಯುತ್ತದೆ.

ರಾತ್ರಿ ಮುಖ ತೊಳೆದು, ಚೆನ್ನಾಗಿ ಆರಿದ ಮೇಲೆ, ಬಟಾಣಿ ಕಾಳಿನಷ್ಟು ಲೇಪವನ್ನು ಮುಖಕ್ಕೆಲ್ಲ ತೆಳುವಾಗಿ ಸವರತಕ್ಕದ್ದು. ಮೂರನೆಯ ವಾರ ಚರ್ಮ ಸುಲಿದು ಉರಿಯಿತು, ಮೊಡವೆಗಳೂ ಹೆಚ್ಚಿದುವು. ಮಗಳು ಕಾಲೇಜಿಗೆ ಹೋಗಲೊಲ್ಲದೆ ಅತ್ತಳು. ನಾವೂ ಮದ್ದನ್ನು ಎಸೆಯುವುದರಲ್ಲಿದ್ದೆವು. ವೈದ್ಯರು, “ದಿನ ಬಿಟ್ಟು ದಿನ ಹಚ್ಚಿಸಿ, 12 ವಾರ ಕಾಯಿರಿ” ಎಂದರು. ಕಾದೆವು. ನಾಲ್ಕನೆಯ ತಿಂಗಳಲ್ಲಿ ಮುಖ ತಿಳಿಯಾಯಿತು. ಹಳೆಯ ಕಲೆಗಳು ಮಾತ್ರ ಇನ್ನೂ ಕೊಂಚ ಉಳಿದಿವೆ.

ಗೃಹಸ್ಥರು ಕೆಲವು ಮಾತುಗಳನ್ನು ಮರೆಯಬಾರದು. ಈ ಮದ್ದು ಹಚ್ಚುವವರು ಬಿಸಿಲಿನಿಂದ ಮುಖವನ್ನು ಕಾಪಾಡಿಕೊಳ್ಳಬೇಕು. ಗರ್ಭಿಣಿಯರೂ ಗರ್ಭವನ್ನು ಬಯಸುವವರೂ ಇದನ್ನು ಹಚ್ಚಬಾರದು. ವೈದ್ಯರ ಚೀಟಿಯಿಲ್ಲದೆ ತರುವ, ಸ್ಟೆರಾಯ್ಡ್ ಬೆರೆತ ಬಿಳುಪಿನ ಲೇಪಗಳಂತೂ ಚರ್ಮವನ್ನು ತೆಳುಮಾಡಿ, ಹೊಸ ಮೊಡವೆಗಳನ್ನೇ ಎಬ್ಬಿಸುವುವು. ಮೊನ್ನೆ ನೆರೆಮನೆಯಾಕೆ ತಮ್ಮ ಸೊಸೆಗೆಂದು ನಮ್ಮ ಟ್ಯೂಬನ್ನು ಕೇಳಿ ಬಂದರು. ನಾವು ಅದನ್ನು ಕೊಡಲಿಲ್ಲ. ವೈದ್ಯರ ವಿಳಾಸವನ್ನು ಕೊಟ್ಟೆವು.