ದೂರದ ಅಂಗಡಿಯ ಬೆಲೆ

ಪರದೇಶದಲ್ಲಿ ಕ್ಯಾಮೆರಾ ಅಗ್ಗ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ದುಬೈಯಿಂದ ರಜೆಗೆ ಬರುವ ಭಾವಮೈದುನನ ಕೈಯಲ್ಲಿಯೋ, ಅಮೆರಿಕದಿಂದ ಬರುವ ಗೆಳೆಯನ ಪೆಟ್ಟಿಗೆಯಲ್ಲಿಯೋ ಒಂದು ಕ್ಯಾಮೆರಾ ತರಿಸಿಕೊಂಡರೆ ಹತ್ತಿಪ್ಪತ್ತು ಸಾವಿರ ಉಳಿಯಿತೆಂದು ನಂಬುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಅಂಗಡಿಗೂ ಸಲ್ಲುತ್ತದೆಯೆ, ಅಥವಾ ಆ ನಂಬಿಕೆಯಲ್ಲಿ ನಿಜಾಂಶವಿದೆಯೆ ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಲೆಕ್ಕ ಹಾಕಿ ನೋಡಬೇಕೆಂದು ಹೊರಟೆ. ಇದು ಕೇವಲ ಹವ್ಯಾಸಿಗಳ ಪ್ರಶ್ನೆಯಲ್ಲ. ತಾಲ್ಲೂಕು ಪಟ್ಟಣಗಳಲ್ಲಿ ಮದುವೆ, ಗೃಹಪ್ರವೇಶಗಳ ಚಿತ್ರ ತೆಗೆದು ಜೀವನ ಸಾಗಿಸುವ ತರುಣರಿಗೆ ಕ್ಯಾಮೆರಾ ಎಂದರೆ ರೈತನಿಗೆ ಎತ್ತು ಇದ್ದಂತೆ. ಸಾಲ ಮಾಡಿ ಕೊಳ್ಳುವ ಅವರ ಲೆಕ್ಕ ತಪ್ಪಿದರೆ ಹಲವು ಮದುವೆಗಳ ಸಂಪಾದನೆ ಅದಕ್ಕೇ ಹೋದೀತು.

ಮೊದಲು ತಿಳಿಯಬೇಕಾದುದು ಬೆಲೆಯ ಚೀಟಿಯನ್ನು ಓದುವ ಬಗೆ. ಎಲ್ಲ ದೇಶಗಳ ಚೀಟಿಯೂ ಒಂದೇ ಮಾತನ್ನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಇಂಗ್ಲೆಂಡಿನಲ್ಲಿಯೂ ಜರ್ಮನಿಯಲ್ಲಿಯೂ ಅಂಗಡಿಯ ಬೆಲೆ ತೆರಿಗೆ ಸೇರಿದ ಬೆಲೆಯೇ. ಆದರೆ ಅಮೆರಿಕದಲ್ಲಿ ತೋರಿಸುವುದು ತೆರಿಗೆ ಸೇರದ ಬೆಲೆ. ಹಣ ಕೊಡುವಾಗ ಆಯಾ ರಾಜ್ಯದ ಮಾರಾಟ ತೆರಿಗೆ ಅದರ ಮೇಲೆ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ತೆರಿಗೆ ಕನಿಷ್ಠ ಶೇಕಡಾ 7.25, ಆರೆಗಾನ್ ರಾಜ್ಯದಲ್ಲಿ ಮಾರಾಟ ತೆರಿಗೆಯೇ ಇಲ್ಲ. ಆದುದರಿಂದ ಅಮೆರಿಕದ ಚೀಟಿಯನ್ನು ರೂಪಾಯಿಗೆ ತಿರುಗಿಸಿ ನಮ್ಮ ಅಂಗಡಿಯ ಬೆಲೆಯ ಪಕ್ಕದಲ್ಲಿಡುವುದು ಹೊಟ್ಟು ತೂರಿದ ಭತ್ತವನ್ನು ತೂರದ ಭತ್ತದೊಡನೆ ತೂಗಿದಂತೆ.

ಈಗ ಒಂದು ಕ್ಯಾಮೆರಾದ ತೆರಿಗೆ ಸೇರದ ಬೆಲೆ ಎಲ್ಲ ದೇಶಗಳಲ್ಲಿಯೂ 1,00,000 ರೂಪಾಯಿಗೆ ಸಮ ಎಂದು ಇಟ್ಟುಕೊಳ್ಳೋಣ. ಹಾಂಗ್‌ಕಾಂಗಿನಲ್ಲಿ ಮಾರಾಟ ತೆರಿಗೆ ಇಲ್ಲ. ಅಲ್ಲಿ ಅದು 1,00,000ಕ್ಕೇ ಸಿಗುತ್ತದೆ. ದುಬೈಯಲ್ಲಿ 2018ರ ಜನವರಿಯಿಂದ ಶೇಕಡಾ 5 ತೆರಿಗೆ ಬಂದುದರಿಂದ 1,05,000. ಸಿಂಗಪುರದಲ್ಲಿ 2024ರಿಂದ ಶೇಕಡಾ 9; ಬೆಲೆ 1,09,000. ಜಪಾನಿನಲ್ಲಿ 2019ರ ಅಕ್ಟೋಬರಿನಿಂದ ಶೇಕಡಾ 10, ಬೆಲೆ 1,10,000. ಭಾರತದಲ್ಲಿ ಶೇಕಡಾ 18ರಂತೆ 1,18,000. ಜರ್ಮನಿಯಲ್ಲಿ ಶೇಕಡಾ 19ರಂತೆ 1,19,000. ಇಂಗ್ಲೆಂಡಿನಲ್ಲಿ 2011ರಿಂದ ಶೇಕಡಾ 20 ಇರುವುದರಿಂದ 1,20,000. ತೆರಿಗೆಯ ಭಾರದಲ್ಲಿ ನಾವೇ ಮೊದಲಿಗರೆಂದು ತಿಳಿದವರಿಗೆ ಈ ಪಟ್ಟಿ ಆಶ್ಚರ್ಯವನ್ನುಂಟುಮಾಡೀತು. ಲಂಡನ್ನಿನಲ್ಲಿ ಕೊಳ್ಳುವವನು ತೆರುವ ಬೆಲೆಯಲ್ಲಿ ಆರನೆಯ ಒಂದು ಪಾಲು ತೆರಿಗೆ. ಹೊರದೇಶದ ಪ್ರವಾಸಿಗಳು ಅದನ್ನು ಮರಳಿ ಪಡೆಯುವ ಅನುಕೂಲವೂ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಅಂಗಡಿಗಳಲ್ಲಿ 2021ರ ಆರಂಭದೊಡನೆ ನಿಂತುಹೋಯಿತು.

ಹಾಗಾದರೆ ಹಾಂಗ್‌ಕಾಂಗಿನಿಂದ ತರಿಸಿದವನಿಗೆ 18,000 ಉಳಿಯಿತಲ್ಲವೆ ಎಂದು ವಾಚಕರು ಕೇಳಬಹುದು. ಅಲ್ಲಿ ತಪ್ಪಿದ ತೆರಿಗೆ ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಕಾದು ಕುಳಿತಿರುತ್ತದೆ. ಇದಕ್ಕೆ 2018 ಮತ್ತು 2019ನೆಯ ಇಸವಿಗಳ ಲೆಕ್ಕ ಒಳ್ಳೆಯ ನಿದರ್ಶನ. 2016ರ ಬ್ಯಾಗೇಜ್ ನಿಯಮಗಳಂತೆ ಆಗ ಹಿಂದಿರುಗುವ ಭಾರತೀಯನೊಬ್ಬ ಸುಂಕವಿಲ್ಲದೆ ತರಬಹುದಾಗಿದ್ದುದು 50,000 ರೂಪಾಯಿಯ ಸಾಮಾನು. ಅದಕ್ಕೆ ಮೀರಿದ ಮೌಲ್ಯದ ಮೇಲೆ ಶೇಕಡಾ 35 ಸುಂಕ. ಆ ಸುಂಕದ ಮೇಲೆ ಹತ್ತನೆಯ ಒಂದು ಪಾಲು ಮೇಲ್ತೆರಿಗೆ. ಒಟ್ಟು ಶೇಕಡಾ 38.5. ಪೆಟ್ಟಿಗೆಯಲ್ಲಿ ಲೆಕ್ಕಕ್ಕೆ ಸೇರುವ ಬೇರಾವ ಸಾಮಾನೂ ಇಲ್ಲವೆಂದುಕೊಂಡರೂ 1,00,000ದ ಕ್ಯಾಮೆರಾದಲ್ಲಿ ಉಳಿದ 50,000ಕ್ಕೆ ಸುಂಕ 19,250 ಆಗುತ್ತದೆ. ಹಣ ಬದಲಾಯಿಸಲು ಬ್ಯಾಂಕು ಹಿಡಿಯುವ ಮೊತ್ತ ಶೇಕಡಾ 3 ಎಂದರೆ 3,000. ಅಂತೂ ಮನೆ ಮುಟ್ಟುವಾಗ ಬೆಲೆ 1,22,250.

2018ರಲ್ಲಿ ನಮ್ಮಲ್ಲಿ ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28 ಇತ್ತು. ಇಲ್ಲಿಯ ಬೆಲೆ 1,28,000. ಆದುದರಿಂದ ನ್ಯಾಯವಾಗಿ ಸುಂಕ ಕಟ್ಟಿ ತಂದವನಿಗೂ 5,750 ರೂಪಾಯಿ ಉಳಿಯುತ್ತಿತ್ತು. 2019ರ ಜನವರಿ 1ರಿಂದ ತೆರಿಗೆ ಶೇಕಡಾ 18ಕ್ಕೆ ಇಳಿಯಿತು. ಇಲ್ಲಿಯ ಬೆಲೆ 1,18,000 ಆಯಿತು. ಅದೇ ಕ್ಯಾಮೆರಾವನ್ನು ಅದೇ ಪೆಟ್ಟಿಗೆಯಲ್ಲಿ ತಂದವನಿಗೆ ಈಗ 4,250 ರೂಪಾಯಿ ನಷ್ಟ. ಕ್ಯಾಮೆರಾ ಬದಲಾಗಲಿಲ್ಲ, ಹಾಂಗ್‌ಕಾಂಗಿನ ಅಂಗಡಿ ಬದಲಾಗಲಿಲ್ಲ; ದೆಹಲಿಯ ಒಂದು ತೀರ್ಮಾನ ಲಾಭವನ್ನು ನಷ್ಟವಾಗಿ ಮಾಡಿತು. ಸುಂಕದ ಮಿತಿಯೂ ದರವೂ ಆಗಾಗ ಬದಲಾಗುವುವಾದುದರಿಂದ ಕೊಳ್ಳುವ ದಿನದ ನಿಯಮವನ್ನು ಕೇಳಿ ತಿಳಿದೇ ಲೆಕ್ಕ ಹಾಕಬೇಕು. ಇಲ್ಲಿಂದಲೇ ಬೆಲೆಬಾಳುವ ಕ್ಯಾಮೆರಾ ಒಯ್ಯುವವರು ಹೊರಡುವಾಗ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯುವುದು ಲೇಸು. ಇಲ್ಲವಾದರೆ ಹಿಂದಿರುಗುವಾಗ ತಮ್ಮದೇ ಕ್ಯಾಮೆರಾಕ್ಕೆ ಸುಂಕದ ವಾದ ಎದುರಾದೀತು.

ಎರಡನೆಯ ಸಂಗತಿ ವಿನಿಮಯ ದರ. 1966ರ ಜೂನ್ 6ರಂದು ರೂಪಾಯಿಯ ಬೆಲೆಯನ್ನು ಇಳಿಸಿದಾಗ 4.76 ರೂಪಾಯಿಗೆ ಸಿಗುತ್ತಿದ್ದ ಡಾಲರು 7.50 ರೂಪಾಯಿ ಆಯಿತು. 100 ಡಾಲರಿನ ಸಾಮಾನು 476ರಿಂದ 750ಕ್ಕೆ ಏರಿದುದು ಒಂದೇ ದಿನದಲ್ಲಿ. ಈಗ ದರಗಳು ಪೇಟೆಯಲ್ಲಿ ದಿನವೂ ತೂಗಾಡುತ್ತವೆ. 2012ರಲ್ಲಿ ಒಂದು ಡಾಲರಿಗೆ ಸುಮಾರು 80 ಯೆನ್ ಇದ್ದುದು 2024ರ ಜುಲೈ ಮೊದಲಿಗೆ 160 ದಾಟಿತು. 80,000 ಯೆನ್ನಿನ ಒಂದು ಲೆನ್ಸು ಅಮೆರಿಕದವನಿಗೆ 1,000 ಡಾಲರಿನಿಂದ 500ಕ್ಕೆ ಇಳಿಯಿತೆಂದಾಯಿತು. ನಮಗೂ ಅರ್ಧವಾಯಿತೆ? ಇಲ್ಲ. 2012ರಲ್ಲಿ ಡಾಲರಿಗೆ ಸುಮಾರು 53 ರೂಪಾಯಿ ಇತ್ತು, 2024ರಲ್ಲಿ 83ಕ್ಕೂ ಮಿಕ್ಕಿತ್ತು. ಆ ಲೆನ್ಸು ನಮಗೆ 53,000ದಿಂದ ಸುಮಾರು 41,500ಕ್ಕೆ ಮಾತ್ರ ಇಳಿಯಿತು. ಯೆನ್ ಬಿದ್ದಾಗ ರೂಪಾಯಿಯೂ ಜೊತೆಯಲ್ಲೇ ಬಿದ್ದರೆ ಲಾಭದ ದೊಡ್ಡ ಪಾಲು ಅಲ್ಲಿಯೇ ಕರಗಿಹೋಗುತ್ತದೆ.

ಇಷ್ಟು ಹೊತ್ತು ತೆರಿಗೆ ಸೇರದ ಬೆಲೆ ಎಲ್ಲೆಡೆಯೂ ಒಂದೇ ಎಂದು ಇಟ್ಟುಕೊಂಡೆವು. ವಾಸ್ತವದಲ್ಲಿ ಅದೂ ಒಂದೇ ಆಗಿರುವುದಿಲ್ಲ. ತಯಾರಕರು ಒಂದೊಂದು ದೇಶಕ್ಕೆ ಒಂದೊಂದು ಬೆಲೆಯನ್ನು ಗೊತ್ತುಮಾಡಿ, ದರ ಏರಿಳಿದರೂ ಕೆಲವು ತಿಂಗಳು ಅದನ್ನೇ ಉಳಿಸಿಕೊಳ್ಳುತ್ತಾರೆ. ಆ ನಡುವಣ ಅವಧಿಯಲ್ಲಿಯೇ ದೂರದ ಅಂಗಡಿ ನಿಜವಾಗಿ ಅಗ್ಗವಾಗುವುದು. ಆಮದು ಸುಂಕವೂ ಬೆಲೆಯನ್ನು ಕದಲಿಸುತ್ತದೆ. 2025ರಲ್ಲಿ ಅಮೆರಿಕ ಜಪಾನಿನ ಸರಕಿನ ಮೇಲೆ ಹೊಸ ಸುಂಕ ಹೇರಿದ ಬಳಿಕ ಕ್ಯಾನನ್, ನಿಕಾನ್, ಸೋನಿ ಕಂಪೆನಿಗಳು ಅಲ್ಲಿ ಬೆಲೆ ಏರಿಸಿದವು. ಸುಂಕವು ಯಂತ್ರದ ರಚನೆಯನ್ನೇ ಬದಲಾಯಿಸಿದ ಸಂಗತಿಯೂ ಉಂಟು. ಐರೋಪ್ಯ ಒಕ್ಕೂಟದಲ್ಲಿ 30 ನಿಮಿಷ ಎಡೆಬಿಡದೆ ಚಲನಚಿತ್ರ ಹಿಡಿಯಬಲ್ಲ ಕ್ಯಾಮೆರಾವನ್ನು ವಿಡಿಯೋ ಯಂತ್ರವೆಂದು ಎಣಿಸಿ ಹೆಚ್ಚಿನ ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಲು ಅನೇಕ ತಯಾರಕರು ತಮ್ಮ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಲ್ಲುವಂತೆ ಮಾಡಿದರು!

ಮೂರನೆಯದು ಕೊಂಡ ಮೇಲಿನ ಪಾಡು. ಹಲವು ಕಂಪೆನಿಗಳ ವಾರಂಟಿ ಮಾರಿದ ದೇಶಕ್ಕಷ್ಟೇ ಸೀಮಿತ. ಮುಹೂರ್ತದ ಹೊತ್ತಿಗೆ ಶಟರ್ ಕೈಕೊಟ್ಟರೆ ದುಬೈಯ ರಸೀದಿ ಇಲ್ಲಿ ಉಪಯೋಗಕ್ಕೆ ಬಾರದೆ ಹೋಗಬಹುದು. ಇನ್ನೊಂದು ಅಂಶವನ್ನು ಸ್ಟುಡಿಯೋ ನಡೆಸುವವರು ವಿಶೇಷವಾಗಿ ಗಮನಿಸಬೇಕು. ಜಿ.ಎಸ್.ಟಿ. ಕ್ರಮದಲ್ಲಿ ನೋಂದಾಯಿಸಿಕೊಂಡು ಗಿರಾಕಿಗಳಿಂದ ತೆರಿಗೆ ಪಡೆದು ಸರ್ಕಾರಕ್ಕೆ ಕಟ್ಟುವವರು, ಇಲ್ಲಿ ಬಿಲ್ಲಿನೊಡನೆ ಕೊಂಡ ಕ್ಯಾಮೆರಾದ 18,000 ತೆರಿಗೆಯನ್ನು ತಾವು ಕಟ್ಟಬೇಕಾದುದರಲ್ಲಿ ಕಳೆದುಕೊಳ್ಳಬಹುದು. ಅವರಿಗೆ ಇಲ್ಲಿಯ ಬೆಲೆಯೂ 1,00,000ಕ್ಕೆ ಇಳಿದಂತೆಯೇ. ಪ್ರಯಾಣಿಕನ ಪೆಟ್ಟಿಗೆಯಲ್ಲಿ ಬಂದುದಕ್ಕೆ ಕಟ್ಟಿದ ಸುಂಕಕ್ಕೆ ಈ ಅನುಕೂಲವಿಲ್ಲ. ನೋಂದಣಿಯಿಲ್ಲದ ಸಣ್ಣ ಛಾಯಾಗ್ರಾಹಕನಿಗೆ ಮಾತ್ರ ಆ 18,000 ಪೂರ್ತಿ ತನ್ನ ಕೈಯಿಂದಲೇ ಹೋಗುತ್ತದೆ. ಒಂದೇ ಬೀದಿಯ ದೊಡ್ಡ ಸ್ಟುಡಿಯೋಕ್ಕೂ ಸಣ್ಣ ಸ್ಟುಡಿಯೋಕ್ಕೂ ಒಂದೇ ಕ್ಯಾಮೆರಾದ ಬೆಲೆ ಬೇರೆಯಾಗುವುದು ಹೀಗೆ.

ಕಡೆಯದಾಗಿ, ರೂಪಾಯಿಯ ಲೆಕ್ಕದಲ್ಲಿ ಕಾಣದ ಬೆಲೆಯೊಂದಿದೆ; ಅದು ದುಡಿಮೆಯ ದಿನಗಳ ಬೆಲೆ. 2025ರ ಏಪ್ರಿಲ್‌ನಿಂದ ಒಂದು ವರ್ಷ ಇಂಗ್ಲೆಂಡಿನಲ್ಲಿ ವಯಸ್ಕ ಕೆಲಸಗಾರನ ಕನಿಷ್ಠ ವೇತನ ಗಂಟೆಗೆ 12.21 ಪೌಂಡು ಇತ್ತು. 1,000 ಪೌಂಡಿನ ಕ್ಯಾಮೆರಾ ಅವನಿಗೆ 82 ಗಂಟೆಗಳ, ಎಂದರೆ ಹತ್ತು ಹನ್ನೊಂದು ದಿನಗಳ ದುಡಿಮೆ. ಅದೇ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ. ಪೌಂಡಿಗೆ 110 ರೂಪಾಯಿಯೆಂದು ಹಿಡಿದರೂ ಆ ಕ್ಯಾಮೆರಾ ಇಲ್ಲಿಯ ಕೂಲಿಗಾರನಿಗೆ ಸುಮಾರು 300 ದಿನಗಳ ದುಡಿಮೆ. ಆ ಯೋಜನೆ ಒಂದು ಕುಟುಂಬಕ್ಕೆ ವರ್ಷಕ್ಕೆ ಕೊಡುತ್ತಿದ್ದ ಭರವಸೆ 100 ದಿನಗಳದು. ಎಂದರೆ ಮೂರು ವರ್ಷಗಳ ಕೂಲಿ. ಕೂಲಿಯ ಹಣದಿಂದ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂತಹವರಿಗೆ ಈ ಕೊನೆಯ ಲೆಕ್ಕವೇ ಬೇಗ ಮನಸ್ಸಿಗೆ ನಾಟುತ್ತದೆ. ತೆರಿಗೆ ಹತ್ತು ಅಂಶ ಇಳಿದರೆ ಇಂಗ್ಲೆಂಡಿನವನಿಗೆ ಒಂದು ದಿನದ ಕೂಲಿ ಉಳಿದೀತು. ನಮ್ಮವನಿಗೆ ಇಪ್ಪತ್ತೈದು ದಿನಗಳದು.

ಆದುದರಿಂದ ಕ್ಯಾಮೆರಾ ಕೊಳ್ಳಹೊರಟ ಮಿತ್ರರು ಒಂದು ಹಾಳೆಯಲ್ಲಿ ಐದು ಸಾಲು ಬರೆದುಕೊಳ್ಳಲಿ: ತೆರಿಗೆ ಸೇರದ ಬೆಲೆ, ಅಲ್ಲಿಯ ತೆರಿಗೆ, ಬ್ಯಾಂಕು ಹಿಡಿಯುವ ಹಣ, ಇಲ್ಲಿಯ ಸುಂಕ, ವಾರಂಟಿ ಇಲ್ಲದಿದ್ದರೆ ದುರಸ್ತಿಗೆ ತೆಗೆದಿಡಬೇಕಾದ ಮೊತ್ತ. ಐದನ್ನೂ ಕೂಡಿಸಿ, ನಮ್ಮೂರಿನ ಅಂಗಡಿಯವರು ಬಿಲ್ಲು ಸಹಿತ ಹೇಳುವ ಬೆಲೆಯ ಪಕ್ಕದಲ್ಲಿಡಲಿ. ಒಮ್ಮೊಮ್ಮೆ ದೂರದ ಅಂಗಡಿ ಗೆದ್ದೀತು, ಅನೇಕ ವೇಳೆ ಹತ್ತಿರದ್ದೇ ಗೆದ್ದೀತು. ಯಾವುದು ಗೆದ್ದರೂ ಸಾಲದ ಕಾಗದಕ್ಕೆ ರುಜು ಹಾಕುವ ಮೊದಲೇ ಅದು ತಿಳಿದಿರಬೇಕು.