ಯಾವ ಊರಿನವರು ಹೆಚ್ಚು ಉದಾರಿಗಳು? ಪಟ್ಟಿಗೆ ಸೇರದ ಲೆಕ್ಕ

ಆಸ್ಟ್ರೇಲಿಯಾದ ತೆರಿಗೆ ಇಲಾಖೆ ಎಟಿಒ ಪ್ರತಿ ವರ್ಷ ಪೋಸ್ಟ್‌ಕೋಡ್‌ವಾರು ಅಂಕಿಅಂಶ ಪ್ರಕಟಿಸುತ್ತದೆ. ಎಷ್ಟು ಮಂದಿ ದಾನಕ್ಕೆ ತೆರಿಗೆ ವಿನಾಯಿತಿ ಕೇಳಿದರು, ಒಟ್ಟು ಮೊತ್ತ ಎಷ್ಟು ಎಂಬುದೂ ಅದರಲ್ಲಿರುತ್ತದೆ. ಮೊತ್ತವನ್ನು ತಲೆಗಳಿಂದ ಭಾಗಿಸಿದರೆ ‘ಉದಾರ ಬಡಾವಣೆಗಳ’ ಪಟ್ಟಿ ಸಿದ್ಧ. ಆಮೇಲೆ ಪರ್ತ್‌ನವರು ಧಾರಾಳಿಗಳು, ಅಡಿಲೇಡ್‌ನವರು ಕೈ ಬಿಗಿ ಎಂಬ ಮಾತು ಶುರುವಾಗುತ್ತದೆ. ಅಂಕಿಗಳ ಜೊತೆಗೇ ಬದುಕುವ ನನಗೆ ಈ ಪಟ್ಟಿಯ ಮೇಲೆ ಅಷ್ಟು ನಂಬಿಕೆ ಇಲ್ಲ. ಕಾರಣ ಮೂರು.

ಒಂದು, ಸರಾಸರಿಯ ಮೋಸ. ಒಂದು ಬಡಾವಣೆಯಲ್ಲಿ 1,000 ಜನ ಇದ್ದಾರೆ ಅಂದುಕೊಳ್ಳಿ. ಒಬ್ಬರು 10 ಲಕ್ಷ ಡಾಲರ್ ಕೊಟ್ಟರು, ಉಳಿದವರು ತಲಾ 200. ಸರಾಸರಿ ಸುಮಾರು 1,200. ಪಕ್ಕದ ಬಡಾವಣೆಯಲ್ಲಿ ಎಲ್ಲರೂ ತಲಾ 600 ಕೊಟ್ಟರು. ಪಟ್ಟಿಯಲ್ಲಿ ಮೊದಲನೆಯದೇ ಮೇಲೆ! ಪರ್ತ್‌ನ ಗಣಿ ಉದ್ಯಮಿ ಆಂಡ್ರ್ಯೂ ಫಾರೆಸ್ಟ್ ದಂಪತಿ 2017ರಲ್ಲಿ ಘೋಷಿಸಿದ ದೇಣಿಗೆ 400 ಮಿಲಿಯನ್ ಡಾಲರ್. ಇಂಥ ಒಂದು ಚೆಕ್ ಒಂದೇ ವರ್ಷದ ರಿಟರ್ನ್‌ನಲ್ಲಿ ಬಂದರೆ ಇಡೀ ಪೋಸ್ಟ್‌ಕೋಡ್‌ನ ಚಿತ್ರವೇ ಬದಲಾಗುತ್ತದೆ, ನೆರೆಹೊರೆಯವರು ಒಂದು ಡಾಲರ್ ಹೆಚ್ಚು ಕೊಡದಿದ್ದರೂ. ಶ್ರೀಮಂತರು ಸ್ವಂತ ದಾನನಿಧಿಗೆ ಹಣ ಹಾಕಿದರೂ ವಿನಾಯಿತಿ ಸಿಗುತ್ತದೆ. ಆ ಹಣ ಸೇವಾಸಂಸ್ಥೆಗಳಿಗೆ ತಲುಪುವುದು ಮಾತ್ರ ಹಲವು ವರ್ಷಗಳಲ್ಲಿ, ಕಂತುಕಂತಾಗಿ.

ಎರಡು, ಈ ಅಂಕಿ ಅಳೆಯುವುದು ದಾನವನ್ನಲ್ಲ, ವಿನಾಯಿತಿ ಕೇಳಿದ ದಾನವನ್ನು. ಈಗಿನ ದರದಲ್ಲಿ 190,000 ಡಾಲರ್‌ಗಿಂತ ಹೆಚ್ಚಿನ ಆದಾಯದ ಮೇಲಿನ ತೆರಿಗೆ 45%. ಅಂಥವರು 100 ಡಾಲರ್ ಕೊಟ್ಟರೆ 45 ಉಳಿಯುತ್ತದೆ. ವರ್ಷಕ್ಕೆ 18,200ಕ್ಕಿಂತ ಕಡಿಮೆ ದುಡಿಯುವ ವಿದ್ಯಾರ್ಥಿಗೆ ತೆರಿಗೆಯೇ ಇಲ್ಲ. ಅವನು ಕೊಟ್ಟ 100 ಪೂರ್ತಿ ಅವನ ಜೇಬಿನದೇ, ಅದನ್ನು ರಿಟರ್ನ್‌ನಲ್ಲಿ ತೋರಿಸಲು ಕಾರಣವೂ ಇಲ್ಲ. ಹೆಚ್ಚು ತ್ಯಾಗ ಯಾರದು? ಪಟ್ಟಿ ಉತ್ತರಿಸುವುದಿಲ್ಲ.

ಮೂರು, ನಮ್ಮಂಥವರಿಗೆ ನೇರವಾಗಿ ತಟ್ಟುವ ವಿಷಯ. ವಿನಾಯಿತಿ ಸಿಗುವುದು ಡಿಜಿಆರ್ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟಾಗ ಮಾತ್ರ. ದೇವಸ್ಥಾನದ ಹುಂಡಿಗೆ ಹಾಕಿದ್ದು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಹಾಸನದ ಹಳ್ಳಿ ಶಾಲೆಗೆ ನೇರವಾಗಿ ಕಳಿಸಿದ್ದು ಲೆಕ್ಕಕ್ಕಿಲ್ಲ. 80ಜಿ ರಸೀದಿ ಭಾರತದ ತೆರಿಗೆಗೆ ಬಂದೀತು, ಇಲ್ಲಿಯದಕ್ಕಲ್ಲ. ತಂಗಿಯ ಮಗಳ ಕಾಲೇಜು ಫೀಸಂತೂ ಯಾವ ಕಾಲಮ್‌ನಲ್ಲೂ ಇಲ್ಲ. ವಲಸಿಗರು ಹೆಚ್ಚಿರುವ ಬಡಾವಣೆ ಪಟ್ಟಿಯಲ್ಲಿ ಕೆಳಗಿದ್ದರೆ, ಅಲ್ಲಿನವರು ಜಿಪುಣರು ಅನ್ನುವ ಮುಂಚೆ ಇದನ್ನು ನೆನೆಯಬೇಕು.

ಶ್ರಮದ ಕಥೆಯೂ ಇದೇ. 2011ರ ಜನವರಿ ಪ್ರವಾಹದ ನಂತರ ಬ್ರಿಸ್ಬೇನ್‌ನಲ್ಲಿ ಸಾವಿರಾರು ಜನ ಸಲಿಕೆ, ಪೊರಕೆ ಹಿಡಿದು ಗುರುತಿಲ್ಲದವರ ಮನೆಯ ಕೆಸರು ಬಳಿದರು. ‘ಮಡ್ ಆರ್ಮಿ’ ಎಂದೇ ಹೆಸರಾಯಿತು. 2019ರ ಡಿಸೆಂಬರ್‌ನಲ್ಲಿ ಅಡಿಲೇಡ್ ಹಿಲ್ಸ್‌ಗೆ ಬೆಂಕಿ ಬಿದ್ದಾಗ ಹೋರಾಡಿದ ಸಿಎಫ್ಎಸ್ ಪಡೆಯಲ್ಲಿ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಅವರು ಕೊಟ್ಟ ಗಂಟೆಗಳಿಗೆ ತೆರಿಗೆ ಅಂಕಿಯಲ್ಲಿ ಬೆಲೆ ಸೊನ್ನೆ.

ಹಾಗಾದರೆ ಬೇರೆ ಅಳತೆಗೋಲು? ಸಿಎಎಫ್ ಸಂಸ್ಥೆ 2010ರಲ್ಲಿ ಆರಂಭಿಸಿದ ವಿಶ್ವ ದಾನ ಸೂಚ್ಯಂಕ ಜನರನ್ನೇ ಕೇಳಿತು: ಕಳೆದ ತಿಂಗಳು ಹಣ ಕೊಟ್ಟಿರಾ, ಸ್ವಯಂಸೇವೆ ಮಾಡಿದಿರಾ, ಅಪರಿಚಿತರಿಗೆ ನೆರವಾದಿರಾ? ಮೊದಲ ವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜಂಟಿಯಾಗಿ ಮೊದಲು. ಮುಂದೆ ಇಂಡೋನೇಷ್ಯಾ ಸತತ ಹಲವು ವರ್ಷ ಮೊದಲು. ಇಲ್ಲಿ ಶ್ರಮಕ್ಕೆ ಜಾಗ ಸಿಕ್ಕಿತು, ಆದರೆ 5 ಡಾಲರ್‌ಗೂ 5,000 ಡಾಲರ್‌ಗೂ ಒಂದೇ ‘ಹೌದು’. ಪ್ರಶ್ನೆ ಬದಲಾದರೆ ವಿಜೇತರೂ ಬದಲಾಗುತ್ತಾರೆ.

ಆದ್ದರಿಂದ ಮುಂದಿನ ಸಲ ಇಂಥ ಪಟ್ಟಿ ಕಂಡಾಗ ಮೂರು ಪ್ರಶ್ನೆ ಕೇಳಿ: ನೂರಕ್ಕೆ ಎಷ್ಟು ಜನ ಕೊಟ್ಟರು, ಆದಾಯದ ಎಷ್ಟು ಪಾಲು ಕೊಟ್ಟರು, ಏನನ್ನು ಎಣಿಸಲೇ ಇಲ್ಲ? ನಿಮ್ಮ ಸಂಘ ನಿಧಿ ಸಂಗ್ರಹಿಸುವಾಗಲೂ ಮೊತ್ತದ ಜೊತೆ ಕೊಟ್ಟ ಕುಟುಂಬಗಳ ಸಂಖ್ಯೆ, ದುಡಿದ ಗಂಟೆಗಳನ್ನೂ ಬರೆದಿಡಿ. ಇನ್ನು ವಿನಾಯಿತಿಯೂ ಬೇಕೆಂದರೆ, ಜೂನ್ 30ರೊಳಗೆ ಹಣ ಕೊಡುವ ಮುನ್ನ ಎಬಿಎನ್ ಲುಕ್‌ಅಪ್ ತಾಣದಲ್ಲಿ ಸಂಸ್ಥೆಗೆ ಡಿಜಿಆರ್ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೂ ಕೊಡಬೇಕೆನಿಸಿದರೆ ಕೊಡಿ. ತೆರಿಗೆ ಲೆಕ್ಕ ಬೇರೆ, ದಾನದ ಲೆಕ್ಕ ಬೇರೆ.