ಹಿರಿಯರ ಸಮಾಧಿಗೂ ಅಪ್ಪಣೆ ಬೇಕಾದ ಊರು

ಮಿಸಿಸಿಪ್ಪಿ ನದಿಯ ಉದ್ದಕ್ಕೂ ಎತ್ತರದ ಮಣ್ಣಿನ ಏರಿ. ಏರಿಯ ಬುಡದಲ್ಲಿ ರಸ್ತೆ, ರಸ್ತೆ ದಾಟಿದರೆ ಕಬ್ಬಿನ ಗದ್ದೆ. ಇಷ್ಟು ಕಂಡರೆ ಮಂಡ್ಯದವರಿಗೆ ಊರಿಗೇ ಬಂದಂತಾದೀತು. ಆದರೆ ಗದ್ದೆಯ ಮಗ್ಗುಲಲ್ಲೇ ಮನೆಗಳನ್ನು ಗಿಡ್ಡ ಮಾಡಿ ನಿಂತ ತೈಲ ಟ್ಯಾಂಕುಗಳ ಸಾಲು. ದಪ್ಪ ಕೊಳವೆಗಳು ರಸ್ತೆಯ ನೆತ್ತಿಯ ಮೇಲೆ ಹಾದು ನದಿಯ ಕಡೆಗೆ ಇಳಿಯುತ್ತವೆ.

ಇದು ಅಮೆರಿಕದ ಲೂಯಿಸಿಯಾನಾ ರಾಜ್ಯದ ಸೇಂಟ್ ಜೇಮ್ಸ್ ಪ್ಯಾರಿಷ್. ಪ್ಯಾರಿಷ್ ಎಂದರೆ ಅಲ್ಲಿ ಜಿಲ್ಲೆಯಿದ್ದಂತೆ. ಜನಸಂಖ್ಯೆ ಮಾತ್ರ 20 ಸಾವಿರದಷ್ಟು. ಬ್ಯಾಟನ್ ರೂಜ್‌ನಿಂದ ನ್ಯೂ ಆರ್ಲಿಯನ್ಸ್‌ವರೆಗೆ ಸುಮಾರು 137 ಕಿ.ಮೀ. ನದಿದಂಡೆಯಲ್ಲಿ ಪೆಟ್ರೋಕೆಮಿಕಲ್ ಘಟಕ, ತೈಲಾಗಾರಗಳು ಸೇರಿ 150ರಷ್ಟಿವೆ. ‘ಕ್ಯಾನ್ಸರ್ ಓಣಿ’ ಎಂದು ಈ ಸೀಮೆಗೆ ಬಿದ್ದ ಹೆಸರು.

ಪ್ರವಾಸಿಗರು ಇಲ್ಲಿಗೆ ಬರುವುದು ಓಕ್ ಆಲಿ ಬಂಗಲೆ ನೋಡಲು. 28 ಓಕ್ ಮರಗಳ ಸಾಲು, ಕೊನೆಗೆ ಕಂಬಗಳ ಬಿಳಿ ಮನೆ. ಗುಲಾಮರ ಬೆವರಿನಲ್ಲಿ ಎದ್ದ ಕಬ್ಬಿನ ತೋಟ ಅದು. ಗುಲಾಮಗಿರಿ ಮುಗಿದಾಗ ಬಿಡುಗಡೆಯಾದವರು ಇಂಥ ತೋಟಗಳ ಪಕ್ಕದ ತುಂಡು ಜಮೀನಿನಲ್ಲಿ ನೆಲೆಯೂರಿದರು. ಕಾರ್ಖಾನೆಗಳಿಗೆ ನದಿಯೂ ಬೇಕು, ಒಂದೇ ಕಡೆ ನೂರಾರು ಎಕರೆಯೂ ಬೇಕು. ಸಿಕ್ಕಿದ್ದು ಹಳೆಯ ತೋಟಗಳು. ನೆರೆಯವರಾದದ್ದು ಗುಲಾಮರ ಸಂತತಿ.

2014ರಲ್ಲಿ ಪ್ಯಾರಿಷ್ ಮಂಡಳಿ ಭೂಬಳಕೆ ಯೋಜನೆ ಮಾಡಿತು. ಕಪ್ಪುವರ್ಣೀಯರೇ ಹೆಚ್ಚಿರುವ ಐದನೇ ವಿಭಾಗದ ವಸತಿ ಪ್ರದೇಶಗಳಿಗೆ ‘ವಸತಿ, ಮುಂದೆ ಕೈಗಾರಿಕೆ’ ಎಂಬ ಹಣೆಪಟ್ಟಿ ಬಂತು. ಜನ ಮನೆಯಲ್ಲೇ ಇದ್ದರು, ಕಾಗದದಲ್ಲಿ ಊರು ಖಾಲಿಯಾಗಿತ್ತು.

2018ರಲ್ಲಿ ತೈವಾನ್ ಮೂಲದ ಫಾರ್ಮೋಸಾ ಕಂಪನಿಯ 940 ಕೋಟಿ ಡಾಲರ್‌ನ ಪ್ಲಾಸ್ಟಿಕ್ ಸಂಕೀರ್ಣ ಘೋಷಣೆಯಾಯಿತು. ಜಾಗದಿಂದ ಪ್ರಾಥಮಿಕ ಶಾಲೆಗೆ ಹೆಚ್ಚೆಂದರೆ ಎರಡು ಕಿ.ಮೀ. ನೆಲಕ್ಕೆ ಪ್ಯಾರಿಷ್ ಮಂಡಳಿ, ಗಾಳಿಗೆ ರಾಜ್ಯದ ಪರಿಸರ ಇಲಾಖೆ, ಜೌಗು ಭೂಮಿಗೆ ಸೇನೆಯ ಎಂಜಿನಿಯರ್ ದಳ: ಹೀಗೆ ಒಂದೊಂದು ಕಚೇರಿಯೂ ತನ್ನ ತುಂಡಿಗೆ ಮಾತ್ರ ಸಹಿ ಹಾಕುತ್ತದೆ. ಮನೆಯೊಳಗಿನವರಿಗೆ ಎಲ್ಲವೂ ಒಟ್ಟಿಗೇ ಬರುತ್ತದೆ. ವರ್ಷಕ್ಕೆ 800 ಟನ್‌ಗೂ ಹೆಚ್ಚು ವಿಷಕಾರಿ ಮಾಲಿನ್ಯಕ್ಕೆ ದಾರಿ ಮಾಡಿಕೊಟ್ಟ ವಾಯು ಪರವಾನಗಿಗಳು 2020ರ ಜನವರಿಯಲ್ಲಿ ಸಿಕ್ಕವು.

ನಿವೃತ್ತ ಶಿಕ್ಷಕಿ ಶರೋನ್ ಲವೀನ್ ತಮ್ಮ ಮನೆಯಲ್ಲೇ ನೆರೆಹೊರೆಯವರನ್ನು ಕೂರಿಸಿ ‘ರೈಸ್ ಸೇಂಟ್ ಜೇಮ್ಸ್’ ಎಂಬ ಸಂಘಟನೆ ಕಟ್ಟಿದರು. ಅವರ ವಿರೋಧದ ನಡುವೆ 2019ರಲ್ಲಿ ವಾನ್‌ಹುವಾ ಎಂಬ ಚೀನೀ ಕಂಪನಿ ಇಲ್ಲಿನ ತನ್ನ 125 ಕೋಟಿ ಡಾಲರ್‌ನ ಯೋಜನೆಯನ್ನು ಕೈಬಿಟ್ಟಿತು. 2021ರಲ್ಲಿ ಲವೀನ್‌ಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಫಾರ್ಮೋಸಾ ವಿಷಯ ಮಾತ್ರ ಕೋರ್ಟಿನಲ್ಲಿ ಹೊಯ್ದಾಡಿತು: 2022ರಲ್ಲಿ ನ್ಯಾಯಾಧೀಶೆ ಟ್ರೂಡಿ ವೈಟ್ ಪರವಾನಗಿ ರದ್ದು ಮಾಡಿದರೆ, 2024ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಮರಳಿಸಿತು. ಪ್ಯಾರಿಷ್‌ನ ಭೂಬಳಕೆ ನೀತಿಯನ್ನೇ ಪ್ರಶ್ನಿಸಿದ ಇನ್ನೊಂದು ದಾವೆ ವಜಾ ಆಗಿದ್ದರೂ 2025ರ ಏಪ್ರಿಲ್‌ನಲ್ಲಿ ಮತ್ತೆ ಜೀವ ಪಡೆಯಿತು.

ಫಾರ್ಮೋಸಾ ಜಾಗದೊಳಗೆ ಹಳೆಯ ಬ್ಯುನಾ ವಿಸ್ಟಾ ತೋಟದ ಗುಲಾಮರನ್ನು ಹೂತ ನೆಲವೂ ಇದೆ. 2020ರ ಜೂನ್ 19ರಂದು, ಗುಲಾಮಗಿರಿ ಕೊನೆಗೊಂಡದ್ದನ್ನು ನೆನೆಯುವ ದಿನ, ಅಲ್ಲಿ ನಿಂತು ಪ್ರಾರ್ಥಿಸಲು ಊರವರಿಗೆ ಅವಕಾಶ ಸಿಕ್ಕಿತು. ಅದಕ್ಕೂ ಅವರು ಮೊದಲು ಕೋರ್ಟಿಗೆ ಹೋಗಿ ಅಪ್ಪಣೆ ತರಬೇಕಾಯಿತು.